ಸುರಕ್ಷಿತ ಲೈಂಗಿಕತೆಯ ಸಲಹೆ ಫೋನಿಗೇ ಬಂದರೆ ನಂಬಬಹುದೇ?

ಪ್ರಶ್ನೆ: ಡಾಕ್ಟ್ರೇ, ನನಗೆ 35 ವರ್ಷ, ಹರಿಹರದ ಕಡೆಯವನು. ದಾವಣಗೆರೆಯಿಂದ ಪುಣೆಗೆ ಲೋಡ್ ಗಾಡಿ ಓಡಿಸುತ್ತೇನೆ. ಮೂರು ವರ್ಷದ ಹಿಂದೆ ಎಚ್‌ಐವಿ ಇದೆ ಅಂತ ಗೊತ್ತಾಯಿತು. ಹೆಂಡತಿಗೆ ಸೋಂಕಿಲ್ಲ. ವಿಷಯ ಅವಳಿಗೆ ಮಾತ್ರ ಗೊತ್ತು, ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಮಾತ್ರೆ ತಗೊಳ್ತಾ ಇದ್ದೇನೆ, ಟ್ರಿಪ್ ಉದ್ದ ಆದಾಗ ಒಂದೊಂದು ದಿನ ತಪ್ಪಿದ್ದೂ ಇದೆ. ರಿಪೋರ್ಟ್ ಚೆನ್ನಾಗಿದೆ ಅಂತ ಹೇಳಿದ್ದಾರೆ. ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಸೆಂಟರಿನಲ್ಲಿ ಕೌನ್ಸೆಲರ್ ಎದುರು ಕೂತರೆ ಗಂಡ ಹೆಂಡತಿ ವಿಷಯ ಮಾತಾಡೋಕೆ ಬಾಯೇ ಬರಲ್ಲ. ಎಲ್ಲಾ ಸರಿ ಇದೆ ಅಂದು ಎದ್ದು ಬರುತ್ತೇನೆ. ಈಗ ಒಂದು ಸಂಸ್ಥೆಯವರು ಸುರಕ್ಷಿತ ಸಂಬಂಧದ ಬಗ್ಗೆ ಫೋನಿಗೇ ವಾರಕ್ಕೊಂದು ವಿಡಿಯೊ, ಮೆಸೇಜು ಕಳಿಸ್ತೀವಿ, ಪ್ರಶ್ನೆನೂ ಕೇಳಬಹುದು, ಸೇರಿಕೊಳ್ಳಿ ಅಂತಿದ್ದಾರೆ. ಇದರಿಂದ ನಿಜವಾಗಿ ಉಪಯೋಗ ಇದೆಯಾ? ಮಗ ಹತ್ತನೇ ಕ್ಲಾಸು, ನನ್ನ ಫೋನ್ ಅವನ ಕೈಯಲ್ಲೇ ಇರುತ್ತೆ. ವೈರಸ್ ಕಾಣದಿದ್ದರೆ ಕಾಂಡೋಮ್ ಬೇಡ ಅಂತ ಒಂದು ವಿಡಿಯೊದಲ್ಲಿ ನೋಡಿದೆ, ಸಾಯೋವರೆಗೂ ಬೇಕು ಅಂತ ಇನ್ನೊಂದರಲ್ಲಿ ಹೇಳ್ತಾರೆ. ಯಾವುದನ್ನ ನಂಬಲಿ? ಎರಡು ಸಲ ಕಾಂಡೋಮ್ ಹರಿದಿದೆ. ಹೆಂಡತಿಗೆ ಇನ್ನೊಂದು ಮಗು ಬೇಕು ಅನ್ನೋ ಆಸೆ. ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪ್ರಶ್ನೆ ಫೋನಿನ ಕುರಿತು ಶುರುವಾದರೂ ಅದರ ಅಡಿಯಲ್ಲಿ ಇರುವ ಭಯ ಬೇರೆ: ನನ್ನಿಂದ ಹೆಂಡತಿಗೆ ಏನಾದರೂ ಆಗಿಬಿಟ್ಟರೆ? ಮೊದಲು ಅದಕ್ಕೆ ಉತ್ತರಿಸುತ್ತೇನೆ. ಅದು ತಿಳಿದರೆ ಫೋನಿಗೆ ಬರುವ ಸಲಹೆಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ನೀವೇ ಬೇರೆ ಮಾಡಬಲ್ಲಿರಿ.

ನೀವು ನೋಡಿದ ಮೊದಲ ವಿಡಿಯೊ ಹೇಳಿದ್ದು ನಿಜ, ಆದರೆ ಪೂರ್ತಿ ಹೇಳಿಲ್ಲ. ದಿನವೂ ಮಾತ್ರೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ, ಆ ಮಟ್ಟದಲ್ಲೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ದಾಟುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. 2016ರಲ್ಲಿ ಪ್ರಕಟವಾದ ಯುರೋಪಿನ ‘ಪಾರ್ಟ್ನರ್’ ಅಧ್ಯಯನದಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 888 ಜೋಡಿಗಳನ್ನು ಗಮನಿಸಿದರು. ಅವರು ಸುಮಾರು 58,000 ಸಲ ಕಾಂಡೋಮ್ ಇಲ್ಲದೆ ಸೇರಿದ್ದರು. ಆ ಅವಧಿಯಲ್ಲಿ 11 ಮಂದಿಗೆ ಹೊಸದಾಗಿ ಸೋಂಕು ತಗುಲಿತು. ಆದರೆ ವೈರಸ್ಸಿನ ತಳಿ ಹೋಲಿಸಿ ನೋಡಿದಾಗ ಒಂದೂ ಮನೆಯ ಸಂಗಾತಿಯಿಂದ ಬಂದದ್ದಾಗಿರಲಿಲ್ಲ, ಎಲ್ಲವೂ ಹೊರಗಿನಿಂದ ಬಂದವು. ಮುಂದೆ ಪುರುಷ ಜೋಡಿಗಳಲ್ಲೇ ನಡೆದು 2019ರಲ್ಲಿ ಪ್ರಕಟವಾದ ಎರಡನೇ ಹಂತದಲ್ಲೂ ಇದೇ ಫಲಿತಾಂಶ ಬಂತು. ವಿಶ್ವ ಆರೋಗ್ಯ ಸಂಸ್ಥೆ 2023ರ ಜುಲೈನಲ್ಲಿ ಇದನ್ನೇ ನೇರವಾಗಿ ಹೇಳಿತು: ವೈರಸ್ ಪತ್ತೆಯಾಗದ ಮಟ್ಟದಲ್ಲಿದ್ದರೆ ಸಂಗಾತಿಗೆ ಹರಡುವ ಅಪಾಯ ಸೊನ್ನೆ. ಪತ್ತೆಯಾದರೂ ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ ಪ್ರತಿಗಳು 1,000 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಾಯ ಇಲ್ಲವೆನ್ನುವಷ್ಟು ಅತ್ಯಲ್ಪ.

ಆ ವಿಡಿಯೊ ಬಿಟ್ಟುಬಿಟ್ಟದ್ದು ಷರತ್ತುಗಳನ್ನು. ‘ರಿಪೋರ್ಟ್ ಚೆನ್ನಾಗಿದೆ’ ಎಂದಿದ್ದಾರೆ ಅಂತ ಬರೆದಿದ್ದೀರಿ. ಅಷ್ಟೇ ಸಾಲದು. ಯಾವ ರಿಪೋರ್ಟು? ಸಿಡಿ4 ಸಂಖ್ಯೆ ನಿಮ್ಮ ದೇಹದ ರೋಗನಿರೋಧಕ ಶಕ್ತಿ ಹೇಗಿದೆ ಎಂದು ಹೇಳುತ್ತದೆ, ವೈರಸ್ ಎಷ್ಟಿದೆ ಎಂದು ಹೇಳುವುದಿಲ್ಲ. ಹೆಂಡತಿಯ ರಕ್ಷಣೆಗೆ ಬೇಕಾದದ್ದು ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಹೇಳುವ ವೈರಲ್ ಲೋಡ್ ರಿಪೋರ್ಟು. ಮಾತ್ರೆ ಶುರುವಾಗಿ ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಅದನ್ನು ಮಾಡುತ್ತಾರೆ. ನಮ್ಮ ಸರ್ಕಾರಿ ಕೇಂದ್ರಗಳಲ್ಲಿ 1,000ಕ್ಕಿಂತ ಕಡಿಮೆ ಬಂದರೆ ಚಿಕಿತ್ಸೆ ಕೆಲಸ ಮಾಡುತ್ತಿದೆ ಎಂದು ಲೆಕ್ಕ. ಹಾಗಾಗಿ ‘ಚೆನ್ನಾಗಿದೆ’ ಅಂದರೆ 700 ಇರಬಹುದು, ವೈರಸ್ ಸಿಗದೇ ಇದ್ದಿರಲೂಬಹುದು. ಎರಡೂ ಒಳ್ಳೆಯ ಸುದ್ದಿಯೇ, ಆದರೂ ಎರಡೂ ಒಂದೇ ಅಲ್ಲ. ಮುಂದಿನ ಸಲ ಹೋದಾಗ ಸಂಖ್ಯೆ ಎಷ್ಟು, ಪರೀಕ್ಷೆ ಮಾಡಿದ್ದು ಯಾವತ್ತು ಎಂದು ಕೇಳಿ ಬರೆದುಕೊಳ್ಳಿ. ಅದನ್ನು ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ಷರತ್ತು ಮಾತ್ರೆಯದು. ಅಪರೂಪಕ್ಕೆ ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟಿತು ಎಂದು ಹೆದರಬೇಕಿಲ್ಲ. ಅಂದೇ ನೆನಪಾದರೆ ಆಗಲೇ ತೆಗೆದುಕೊಳ್ಳಿ, ಮರುದಿನ ಎರಡೆರಡು ನುಂಗಬೇಡಿ. ಆದರೆ ಮಾತ್ರೆ ಪೂರ್ತಿ ನಿಂತರೆ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏರುತ್ತದೆ, ಮೈಗೆ ಏನೂ ಗೊತ್ತಾಗದೆ ಏರುತ್ತದೆ. ಲಾರಿ ಓಡಿಸುವವರಲ್ಲಿ ನಾನು ಪದೇ ಪದೇ ಕಾಣುವ ಒಂದು ಅಭ್ಯಾಸವಿದೆ. ಕುಡಿದ ರಾತ್ರಿ ಮಾತ್ರೆ ತಗೊಂಡರೆ ವಿಷವಾಗುತ್ತದೆ ಎಂದು ನಂಬಿ ಅವತ್ತು ಮಾತ್ರೆ ಬಿಟ್ಟುಬಿಡುತ್ತಾರೆ. ಕುಡಿತದಿಂದ ಲಿವರ್‌ಗೆ ಹಾನಿ ಇದ್ದೇ ಇದೆ, ಕಡಿಮೆ ಮಾಡಿದಷ್ಟೂ ಒಳ್ಳೆಯದು. ಆದರೆ ಆ ಕಾರಣಕ್ಕೆ ಮಾತ್ರೆ ಬಿಡಬೇಡಿ. ಅಸಿಡಿಟಿ ಔಷಧಿ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಅದನ್ನೂ ಹೇಳಿ. ಈಗ ಕೊಡುತ್ತಿರುವ ಡೋಲುಟೆಗ್ರಾವಿರ್ ಇರುವ ಮಾತ್ರೆಯ ಜೊತೆಗೇ ಅವನ್ನು ತೆಗೆದುಕೊಂಡರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಟ್ರಿಪ್ಪಿಗೆ ಹೊರಡುವಾಗ ಮಾತ್ರೆ ಜೊತೆಗೆ ಕೇಂದ್ರದಲ್ಲಿ ಕೊಟ್ಟ ಹಸಿರು ಬುಕ್ಕೂ ಇರಲಿ. ಹುಬ್ಬಳ್ಳಿ, ಬೆಳಗಾವಿಯಲ್ಲೂ ಎಆರ್‌ಟಿ ಕೇಂದ್ರಗಳಿವೆ. ದಾರಿಯಲ್ಲಿ ಮಾತ್ರೆ ಮುಗಿದರೆ ಬುಕ್ ತೋರಿಸಿ ಕೇಳಬಹುದು. ಆರೋಗ್ಯ ಸ್ಥಿರವಾಗಿರುವವರಿಗೆ ಒಮ್ಮೆಗೇ ಎರಡು ಮೂರು ತಿಂಗಳ ಮಾತ್ರೆ ಕೊಡುವ ವ್ಯವಸ್ಥೆಯೂ ಇದೆ. ಡ್ರೈವರ್ ಕೆಲಸ ಎಂದು ಬಾಯಿಬಿಟ್ಟು ಹೇಳಿ.

ಎರಡನೆಯ ವಿಡಿಯೊವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸಾಯುವವರೆಗೂ ಕಾಂಡೋಮ್ ಕಡ್ಡಾಯ ಎಂದು ಹೆದರಿಸುವುದು ಈಗಿನ ವಿಜ್ಞಾನಕ್ಕೆ ಹೊಂದುವುದಿಲ್ಲ. ಆದರೆ ಮಾತ್ರೆ ತಡೆಯುವುದು ಎಚ್‌ಐವಿಯನ್ನು ಮಾತ್ರ. ಸಿಫಿಲಿಸ್, ಗೊನೊರಿಯಾ, ಹರ್ಪಿಸ್ ಅದಕ್ಕೆ ಬಗ್ಗುವುದಿಲ್ಲ, ಬೇಡದ ಗರ್ಭವನ್ನೂ ಅದು ತಡೆಯುವುದಿಲ್ಲ. ಇಲ್ಲಿ ನೀವು ಬರೆಯದ ಒಂದು ವಿಷಯ ಬರುತ್ತದೆ. ಹೆದ್ದಾರಿಯಲ್ಲಿ ದಿನಗಟ್ಟಲೆ ಇರುವಾಗ ಬೇರೆ ಸಂಬಂಧ ಇದೆಯೋ ಇಲ್ಲವೋ ನಾನು ಕೇಳುವುದಿಲ್ಲ. ಇದ್ದರೆ ಅಲ್ಲಿ ಪ್ರತಿ ಸಲವೂ ಕಾಂಡೋಮ್ ಬೇಕು, ವರ್ಷಕ್ಕೊಮ್ಮೆಯಾದರೂ ಸುರಕ್ಷಾ ಕ್ಲಿನಿಕ್ಕಿನಲ್ಲಿ ಲೈಂಗಿಕ ಸೋಂಕುಗಳ ತಪಾಸಣೆ ಆಗಬೇಕು. ಅಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.

ಈಗ ಫೋನಿನ ವಿಷಯಕ್ಕೆ ಬರೋಣ. ಕೌನ್ಸೆಲರ್ ಎದುರು ಬಾಯಿ ಬರುವುದಿಲ್ಲ ಅಂದಿರಿ. ಅದು ನಿಮ್ಮೊಬ್ಬರ ಕಷ್ಟವಲ್ಲ. ದಾವಣಗೆರೆಯವರು ಮಾತ್ರೆಗೆ ಚಿತ್ರದುರ್ಗಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಸಾಲಿನಲ್ಲಿ ನಿಂತಾಗ ಊರಿನವರು ಕಂಡರೆ ಎಂಬ ಒಂದೇ ಭಯಕ್ಕೆ. ಅಷ್ಟು ದೂರ ಬಂದು, ಹಿಂದೆ ಮೂವತ್ತು ಜನ ಕಾಯುತ್ತಿರುವಾಗ, ಅರ್ಧ ಮುಚ್ಚಿದ ಬಾಗಿಲಿನ ಕೋಣೆಯಲ್ಲಿ ಹಾಸಿಗೆಯ ಮಾತು ಆಡಿ ಅಂದರೆ ಯಾರು ಆಡುತ್ತಾರೆ? ಕೌನ್ಸೆಲರ್ ನಿಮ್ಮ ಅಕ್ಕನ ವಯಸ್ಸಿನವರಾಗಿದ್ದರಂತೂ ಮುಗಿದೇ ಹೋಯಿತು. ಮುಖ ನೋಡಿ ಹೇಳಲಾಗದ್ದನ್ನು ಜನ ಯಂತ್ರದ ಮುಂದೆ ಹೇಳುತ್ತಾರೆ ಎಂಬುದು ಎಷ್ಟೋ ಹಿಂದೆಯೇ ಗೊತ್ತಾದ ಸಂಗತಿ. 1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕಂಪ್ಯೂಟರಿನಲ್ಲಿ ಪ್ರಶ್ನೆ ಕೇಳಿದಾಗ, ಅದೇ ಪ್ರಶ್ನೆಗೆ ಕಾಗದದಲ್ಲಿ ಉತ್ತರಿಸಿದವರಿಗಿಂತ ಹೆಚ್ಚು ಹುಡುಗರು ಗಂಡಸರ ಜೊತೆಗಿನ ತಮ್ಮ ಲೈಂಗಿಕ ಅನುಭವ ಒಪ್ಪಿಕೊಂಡರು. ಇದನ್ನು ಚಿಕಿತ್ಸೆಯಲ್ಲೂ ಬಳಸಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಎಚ್‌ಐವಿ ಕ್ಲಿನಿಕ್ಕುಗಳಲ್ಲಿ ಲ್ಯಾಪ್‌ಟಾಪ್ ಪರದೆಯ ಮೇಲೆ ‘ವಿಡಿಯೊ ಡಾಕ್ಟರ್’ ಒಬ್ಬರು ಪ್ರಶ್ನೆ ಕೇಳಿ, ಕೊಟ್ಟ ಉತ್ತರಕ್ಕೆ ತಕ್ಕಂತೆ ಸಲಹೆ ಹೇಳುವ ಪ್ರಯೋಗ ನಡೆಯಿತು. 2008ರಲ್ಲಿ ಅದರ ಫಲಿತಾಂಶ ಬಂದಾಗ, ಅದನ್ನು ಬಳಸಿದವರಲ್ಲಿ ಅಸುರಕ್ಷಿತ ಲೈಂಗಿಕ ನಡವಳಿಕೆ ಕಡಿಮೆಯಾಗಿತ್ತು.

ಹಾಗಂತ ಫೋನಿಗೆ ಮೆಸೇಜು ಬಂದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಇದಕ್ಕೆ ನಮ್ಮ ಹತ್ತಿರದ್ದೇ ಸಾಕ್ಷಿಯಿದೆ. ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ, ಹೊಸದಾಗಿ ಮಾತ್ರೆ ಶುರು ಮಾಡಿದ 631 ಮಂದಿಯ ಮೇಲೆ ಒಂದು ಅಧ್ಯಯನ ನಡೆದು 2014ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ಯಂತ್ರದಿಂದ ಧ್ವನಿಮುದ್ರಿತ ಕರೆ, ಒಂದು ಚಿತ್ರದ ಮೆಸೇಜು ಹೋಗುತ್ತಿತ್ತು. ಎರಡು ವರ್ಷ ನೋಡಿದರೂ ಕರೆ ಬಂದವರಿಗೂ ಬಾರದವರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ 2010ರಲ್ಲಿ ಕೀನ್ಯಾದಿಂದ ಬಂದ ಅಧ್ಯಯನದಲ್ಲಿ ವಾರಕ್ಕೊಂದು ಸಣ್ಣ ಎಸ್ಎಂಎಸ್, ‘ಹೇಗಿದ್ದೀರಿ?’ ಅಷ್ಟೇ. ಚೆನ್ನಾಗಿದ್ದೇನೆ ಅಥವಾ ತೊಂದರೆಯಿದೆ ಎಂದು 48 ಗಂಟೆಯೊಳಗೆ ಉತ್ತರಿಸಬೇಕು. ತೊಂದರೆ ಎಂದವರಿಗೆ, ಉತ್ತರವೇ ಕೊಡದವರಿಗೆ ಕ್ಲಿನಿಕ್ಕಿನ ಸಿಬ್ಬಂದಿಯೇ ಫೋನ್ ಮಾಡುತ್ತಿದ್ದರು. ಅಲ್ಲಿ ಮಾತ್ರೆ ತಪ್ಪುವುದು ಕಡಿಮೆಯಾಯಿತು, ವೈರಸ್ ಹತೋಟಿಗೆ ಬಂದವರ ಪ್ರಮಾಣ ಹೆಚ್ಚಿತು. ಊರು ಬೇರೆ, ಜನ ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಆದರೂ ನನ್ನ ಅನುಭವಕ್ಕೆ ಹೊಂದುವ ಪಾಠ ಇದರಲ್ಲಿದೆ. ತಂತ್ರಜ್ಞಾನ ಎಷ್ಟು ಹೊಸದು ಎಂಬುದು ಮುಖ್ಯವಲ್ಲ. ನೀವು ‘ತೊಂದರೆ’ ಎಂದಾಗ ಆ ಕಡೆ ಎತ್ತಿಕೊಳ್ಳುವ ಮನುಷ್ಯ ಇದ್ದಾನೆಯೇ ಎಂಬುದು ಮುಖ್ಯ. ಆ ಎರಡೂ ಅಧ್ಯಯನ ಮಾತ್ರೆಯ ಕುರಿತಾದವು ಎಂದು ನೀವು ಕೇಳಬಹುದು. ನಿಜ, ಆದರೆ ನಿಮ್ಮ ಮನೆಯ ಮಟ್ಟಿಗೆ ಸುರಕ್ಷಿತ ಲೈಂಗಿಕತೆಯ ಅರ್ಧಭಾಗ ಆ ಮಾತ್ರೆಯೇ.

ಆದ್ದರಿಂದ ಸೇರಿಕೊಳ್ಳಿ ಎಂದೇ ಹೇಳುತ್ತೇನೆ, ಆದರೆ ಕೇಳಿ ನೋಡಿ ಸೇರಿಕೊಳ್ಳಿ. ಈ ಕಾರ್ಯಕ್ರಮ ನಿಮ್ಮ ಎಆರ್‌ಟಿ ಕೇಂದ್ರದ ಗಮನದಲ್ಲಿದೆಯೇ ಎಂದು ಕೇಂದ್ರದಲ್ಲೇ ವಿಚಾರಿಸಿ. ಪ್ರಶ್ನೆ ಕಳಿಸಿದರೆ ಉತ್ತರಿಸುವವರು ಯಾರು, ತರಬೇತಾದ ಕೌನ್ಸೆಲರೋ, ತಾನೇ ತಾನಾಗಿ ಉತ್ತರ ಕೊಡುವ ಯಂತ್ರವೋ ತಿಳಿದುಕೊಳ್ಳಿ. ಬೇಡ ಎನಿಸಿದ ದಿನ ಹೊರಬಂದರೆ ನಿಮ್ಮ ವಿವರ ಅಳಿಸುತ್ತಾರೆಯೇ? ಇದಕ್ಕೆಲ್ಲ ನೇರ ಉತ್ತರ ಕೊಡದವರಿಗೆ ನಂಬರ್ ಕೊಡಬೇಡಿ. ಆಧಾರ್, ಬ್ಯಾಂಕ್ ವಿವರ, ಹಸಿರು ಬುಕ್ಕಿನ ಫೋಟೊ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಎಚ್‌ಐವಿಯನ್ನು ಬುಡಸಮೇತ ತೆಗೆಯುತ್ತೇವೆ ಎಂದು ಔಷಧಿ ಮಾರುವವರು ಇಂಥ ಗುಂಪುಗಳಲ್ಲೇ ನುಸುಳುತ್ತಾರೆ. ಏಡ್ಸ್ ಗುಣಪಡಿಸುತ್ತದೆ ಎಂದು ಹೇಳಿಕೊಂಡು ಔಷಧಿ ಮಾರುವುದನ್ನು ನಮ್ಮ ಔಷಧ ನಿಯಮಗಳು ನಿಷೇಧಿಸಿವೆ. ಅವರ ಮಾತು ನಂಬಿ ಎಆರ್‌ಟಿ ಮಾತ್ರೆ ಬಿಟ್ಟು, ತೂಕ ಇಳಿದು, ಟಿಬಿ ಹಿಡಿದು ವಾಪಸ್ ಬಂದವರನ್ನು ನೋಡಿದಾಗ ಆಗುವ ಸಂಕಟ ಹೇಳತೀರದು.

ಗುಟ್ಟಿನ ಬಗ್ಗೆ ನಿಮ್ಮ ಭಯ ಸುಳ್ಳಲ್ಲ. 2018ರಲ್ಲಿ ಗ್ರೈಂಡರ್ ಎಂಬ ಡೇಟಿಂಗ್ ಆ್ಯಪ್ ತನ್ನ ಬಳಕೆದಾರರು ತುಂಬಿದ್ದ ಎಚ್‌ಐವಿ ಮಾಹಿತಿಯನ್ನು ಬೇರೆ ಎರಡು ಕಂಪನಿಗಳ ಜೊತೆ ಹಂಚಿಕೊಂಡಿದ್ದು ಬಯಲಾಗಿ, ಆಮೇಲೆ ನಿಲ್ಲಿಸಿತು. ನಮ್ಮಲ್ಲಿ 2017ರ ಎಚ್‌ಐವಿ ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇಂಥ ಮಾಹಿತಿ ಇಟ್ಟುಕೊಂಡ ಸಂಸ್ಥೆ ಅದನ್ನು ಕಾಪಾಡಲೇಬೇಕು, ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ. ಕಾನೂನು ದೊಡ್ಡ ಸೋರಿಕೆಗೆ ಉತ್ತರ ಕೊಟ್ಟೀತು. ಆದರೆ ನಮ್ಮ ಕಡೆ ಗುಟ್ಟು ರಟ್ಟಾಗುವುದು ಬಹುಪಾಲು ಮನೆಯೊಳಗೇ, ಮಗ ಫೋನ್ ಹಿಡಿದಿದ್ದಾಗ ಮೇಲೆ ಮಿಂಚಿ ಹೋಗುವ ಒಂದು ಸಾಲಿನಿಂದ. ಅದನ್ನು ತಡೆಯುವುದು ನಿಮ್ಮ ಕೈಯಲ್ಲಿದೆ. ವಾಟ್ಸ್ಆ್ಯಪ್ ಗುಂಪಿಗೆ ಸೇರಬೇಡಿ. ಅಲ್ಲಿ ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ, ಇಡೀ ಗುಂಪಿನಲ್ಲಿ ನಿಮ್ಮೂರಿನವನೊಬ್ಬ ಇದ್ದರೂ ಸಾಕು. ನಿಮ್ಮೊಬ್ಬರಿಗೇ ಬರುವ ಮೆಸೇಜು ಇದ್ದರೆ ಮಾತ್ರ ಒಪ್ಪಿಕೊಳ್ಳಿ. ಲಾಕ್ ಆದ ಪರದೆಯ ಮೇಲೆ ಮೆಸೇಜು ಕಾಣದ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ, ಆ ಚಾಟಿಗೆ ಬೇರೆ ಲಾಕ್ ಹಾಕಿ, ನೋಡಿದ ವಿಡಿಯೊ ಗ್ಯಾಲರಿಯಲ್ಲಿ ಉಳಿಯದಂತೆ ನೋಡಿಕೊಳ್ಳಿ. ಮೆಸೇಜಿನಲ್ಲಿ ರೋಗದ ಹೆಸರೇ ಬರಬಾರದು, ನಾನು ಗಾಡಿಯಲ್ಲಿ ಒಬ್ಬನೇ ಇರುವ ಹೊತ್ತಿಗೆ ಮಾತ್ರ ಕರೆ ಮಾಡಿ ಎಂದು ಅವರಿಗೆ ಮೊದಲೇ ಹೇಳಿಬಿಡಿ. ಕರೆ ಬಂದಾಗ ಗಾಡಿಯನ್ನು ಬದಿಗೆ ನಿಲ್ಲಿಸಿ ಮಾತಾಡಿ. ಸಾಧ್ಯವಾದರೆ ಮಗನಿಗೆ ಹಳೆಯದೊಂದು ಫೋನ್ ಕೊಡಿಸುವುದು ಎಲ್ಲಕ್ಕಿಂತ ಸುಲಭ. ಇದ್ಯಾವುದೂ ಆಗದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097 ಇದೆ. ಕರೆ ಉಚಿತ, ಹೆಸರು ಹೇಳಬೇಕಿಲ್ಲ. ಮಾತು ಮುಗಿದ ಮೇಲೆ ನಂಬರ್ ಅಳಿಸಿದರಾಯಿತು.

ಸೇರಿದ ಮೇಲೆ ವಿಡಿಯೊ ನೋಡಿ ಸುಮ್ಮನಿರಬೇಡಿ. ನನಗೆ ಬರೆದಿರಲ್ಲ, ಕಾಂಡೋಮ್ ಹರಿಯಿತು, ಮಾತ್ರೆ ತಪ್ಪಿತು ಅಂತ, ಅದನ್ನೇ ಅಲ್ಲಿ ಟೈಪ್ ಮಾಡಿ. ಟೈಪ್ ಕಷ್ಟವಾದರೆ ವಾಯ್ಸ್ ಮೆಸೇಜ್ ಕಳಿಸಿ. ಬಂದ ಉತ್ತರವನ್ನು ಮುಂದಿನ ಭೇಟಿಯಲ್ಲಿ ಕೌನ್ಸೆಲರ್‌ಗೆ ತೋರಿಸಿ. ಬಾಯಿಬಿಟ್ಟು ಹೇಳುವುದಕ್ಕಿಂತ ಪರದೆ ಮುಂದೆ ಹಿಡಿಯುವುದು ಸುಲಭ ಎಂದು ಎಷ್ಟೋ ಜನ ಹೇಳಿದ್ದಾರೆ.

ಕಾಂಡೋಮ್ ಹರಿಯುವುದಕ್ಕೆ ಕಾರಣ ಬಹಳ ಸಲ ಕಾಂಡೋಮ್ ಅಲ್ಲ. ನೀವು ಅದನ್ನು ಗಾಡಿಯ ಡ್ಯಾಶ್‌ಬೋರ್ಡಿನಲ್ಲೋ ಪರ್ಸಿನಲ್ಲೋ ಇಡುತ್ತಿದ್ದರೆ ನಮ್ಮ ಏಪ್ರಿಲ್ ಬಿಸಿಲಿಗೆ ರಬ್ಬರ್ ಸತ್ವ ಕಳೆದುಕೊಂಡಿರುತ್ತದೆ. ಎರಡನೆಯ ಕಾರಣ ಕೊಬ್ಬರಿ ಎಣ್ಣೆ. ಎಣ್ಣೆ, ವ್ಯಾಸಲಿನ್ ಯಾವುದೂ ಲೇಟೆಕ್ಸ್‌ಗೆ ಆಗುವುದಿಲ್ಲ, ನಿಮಿಷಗಳಲ್ಲೇ ಅದನ್ನು ದುರ್ಬಲ ಮಾಡುತ್ತವೆ. ಜಾರಿಕೆ ಬೇಕಿದ್ದರೆ ನೀರಿನಂಶದ ಜೆಲ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ತುದಿಯಲ್ಲಿ ಗಾಳಿ ಉಳಿಯದಂತೆ ಹಿಡಿದು ಹಾಕಿ. ಭದ್ರತೆಗೆಂದು ಎರಡನ್ನು ಒಟ್ಟಿಗೆ ಹಾಕಬೇಡಿ, ಒಂದಕ್ಕೊಂದು ಉಜ್ಜಿ ಬೇಗ ಹರಿಯುತ್ತವೆ. ಹರಿದ ಆ ದಿನಗಳಲ್ಲಿ ನಿಮ್ಮ ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲಿತ್ತು ಎಂದಾದರೆ ಆ ಎರಡು ಸಲದ ಬಗ್ಗೆ ಕೊರಗಬೇಕಿಲ್ಲ. ಮುಂದೆ ವೈರಸ್ ಹತೋಟಿಯಲ್ಲಿಲ್ಲದ ಹೊತ್ತಿನಲ್ಲಿ ಹೀಗಾದರೆ, ಹೆಂಡತಿಯನ್ನು ಕೂಡಲೇ ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. ಸೋಂಕು ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಅದು ಹೇಗಿದ್ದರೂ ಆರು ತಿಂಗಳಿಗೊಮ್ಮೆ ಅವರ ಎಚ್‌ಐವಿ ಪರೀಕ್ಷೆ ಆಗುತ್ತಿರಲಿ.

ಮಗುವಿನ ಆಸೆಯನ್ನು ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ, ತಪ್ಪು ಕೇಳುತ್ತಿದ್ದೇನೋ ಎಂಬಂತೆ. ತಪ್ಪೇನಿಲ್ಲ. ತಂದೆಗೆ ಎಚ್‌ಐವಿ ಇದ್ದರೆ ಮಗುವಿಗೆ ಬಂದೇ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ತಂದೆಯಿಂದ ಮಗುವಿಗೆ ಅದು ನೇರವಾಗಿ ಹೋಗುವುದಿಲ್ಲ. ತಾಯಿಗೆ ಸೋಂಕಿದ್ದರೆ ಮಾತ್ರ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನಿಂದ ದಾಟಬಹುದು. ನಿಮ್ಮ ಹೆಂಡತಿ ಸೋಂಕಿಲ್ಲದೆ ಉಳಿದರೆ ಮಗುವಿಗೂ ಇರುವುದಿಲ್ಲ.

ದಾರಿಗಳು ಹೀಗಿವೆ. ನಿಮ್ಮ ವೈರಲ್ ಲೋಡ್ ಪತ್ತೆಯಾಗದ ಮಟ್ಟಕ್ಕೆ ಬಂದು ಆರು ತಿಂಗಳಾದರೂ ಹಾಗೇ ನಿಂತಿರಬೇಕು, ಮಾತ್ರೆ ತಪ್ಪಬಾರದು, ಇಬ್ಬರಿಗೂ ಬೇರೆ ಲೈಂಗಿಕ ಸೋಂಕು ಇಲ್ಲವೆಂದು ಪರೀಕ್ಷೆಯಾಗಿರಬೇಕು. ಆಮೇಲೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಿರುವ ದಿನಗಳಲ್ಲಿ ಕಾಂಡೋಮ್ ಇಲ್ಲದೆ ಸೇರಬಹುದು. ಟ್ರಿಪ್ಪುಗಳಿಂದಾಗಿ ನಿಮ್ಮ ಮಾತ್ರೆಯ ಮೇಲೆ ನಿಮಗೇ ಪೂರ್ತಿ ಭರವಸೆ ಇಲ್ಲದಿದ್ದರೆ ಹೆಂಡತಿ ಆ ಅವಧಿಯಲ್ಲಿ ಮುಂಜಾಗ್ರತೆಯ ಮಾತ್ರೆ, ಅಂದರೆ ಪ್ರೆಪ್, ತೆಗೆದುಕೊಳ್ಳಬಹುದು. ಅದನ್ನು ವೈದ್ಯರು ಬರೆದುಕೊಡಬೇಕು, ದಿನವೂ ನುಂಗಬೇಕು, ಮೊದಲು ಕಿಡ್ನಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು. ಹೊರಗೆ ಕೊಂಡರೆ ಖರ್ಚಿದೆ. ವೀರ್ಯ ತೊಳೆದು ಗರ್ಭಕೋಶಕ್ಕೆ ಸೇರಿಸುವ ವಿಧಾನವೂ ಇದೆ. ದೊಡ್ಡ ಊರಿನ ಬಂಜೆತನ ಚಿಕಿತ್ಸಾ ಕೇಂದ್ರಗಳಲ್ಲಿ ಮಾಡುತ್ತಾರೆ, ದುಬಾರಿ. ವೈರಸ್ ಹತೋಟಿಯಲ್ಲಿರುವ ದಂಪತಿಗೆ ನಾನು ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಇದನ್ನೆಲ್ಲ ನಿರ್ಧರಿಸಬೇಕಾದವರು ನೀವೊಬ್ಬರೇ ಅಲ್ಲ. ಕಾಂಡೋಮ್ ಬಿಡುವುದೋ ಇಟ್ಟುಕೊಳ್ಳುವುದೋ ಎಂಬುದರಲ್ಲಿ ನಿಮ್ಮ ಹೆಂಡತಿಯ ಮಾತಿಗೆ ನಿಮ್ಮಷ್ಟೇ ತೂಕವಿದೆ. ವೈರಸ್ ಪತ್ತೆಯಾಗಿಲ್ಲ ಎಂದು ರಿಪೋರ್ಟ್ ಹೇಳಿದರೂ ಅವರ ಮನಸ್ಸಿಗೆ ಧೈರ್ಯ ಬರದಿದ್ದರೆ ಕಾಂಡೋಮ್ ಮುಂದುವರಿಯಲಿ, ಒತ್ತಾಯ ಬೇಡ. ಫೋನಿಗೆ ಬಂದ ವಿಡಿಯೊವನ್ನು ಇಬ್ಬರೂ ಕೂತು ನೋಡಿ, ಅವರ ಪ್ರಶ್ನೆಯನ್ನು ಅವರೇ ಕೇಳಲಿ. ಮುಂದಿನ ಸಲ ಮಾತ್ರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ವೈರಲ್ ಲೋಡ್ ಪರೀಕ್ಷೆಯಾಗಿ ವರ್ಷ ಕಳೆದಿದ್ದರೆ ಅವತ್ತೇ ರಕ್ತ ಕೊಟ್ಟು ಬನ್ನಿ, ಆ ರಿಪೋರ್ಟ್ ಕೈಗೆ ಬರುವವರೆಗೆ ಕಾಂಡೋಮ್ ಬಿಡಬೇಡಿ.